ದೆವ್ವದ ಕಥೆ ಬರೆದು ಹೊಟ್ಟೆ ಹೊರೆಯಬಹುದೇ?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ನನಗೆ ಮೂವತ್ತೆರಡು ವರ್ಷ. ಊರು ತುರುವೇಕೆರೆ ಕಡೆ, ಕೆಲಸ ಬೆಂಗಳೂರಿನ ಒಂದು ಸಿದ್ಧ ಉಡುಪು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ. ಐದು ವರ್ಷಗಳಿಂದ ರಾತ್ರಿ ಊಟವಾದ ಮೇಲೆ ಕುಳಿತು ದೆವ್ವದ ಕಥೆ ಬರೆಯುತ್ತಿದ್ದೇನೆ. ಬೇರೆ ಯಾವ ಕಥೆಯೂ ನನಗೆ ಬರುವುದಿಲ್ಲ, ಪ್ರಯತ್ನಿಸಿ ನೋಡಿದ್ದೇನೆ.

ಕಳೆದ ತಿಂಗಳು ಒಂದು ವಾರಪತ್ರಿಕೆಗೆ ಕಳುಹಿಸಿದ್ದ ಕಥೆ ಮರಳಿ ಬಂತು. "ಶೈಲಿ ಚೆನ್ನಾಗಿದೆ, ವಸ್ತು ನಮಗೆ ಒಗ್ಗುವುದಿಲ್ಲ. ಸಾಮಾಜಿಕ ಕಥೆ ಇದ್ದರೆ ಕಳುಹಿಸಿ" ಎಂದಿತ್ತು. ಅದೇ ಕಥೆಯನ್ನು ಮೊಬೈಲ್ ಆ್ಯಪ್ ಒಂದರಲ್ಲಿ ಹನ್ನೊಂದು ಕಂತು ಮಾಡಿ ಹಾಕಿದೆ. ಮೂವತ್ತೆಂಟು ಸಾವಿರ ಸಲ ಓದಿದ್ದಾರೆ ಎಂದು ತೋರಿಸುತ್ತಿದೆ. ನನ್ನ ಖಾತೆಗೆ ಬಂದದ್ದು 640 ರೂಪಾಯಿ. ಒಬ್ಬ ಓದುಗರು ರಾತ್ರಿ ಎರಡು ಗಂಟೆಗೆ "ಬಚ್ಚಲಿಗೆ ಹೋಗಲು ಹೆದರಿಕೆಯಾಗುತ್ತಿದೆ, ಮುಂದಿನ ಕಂತು ಯಾವಾಗ?" ಎಂದು ಬರೆದಿದ್ದರು. ಆ 640ಕ್ಕಿಂತ ಈ ಸಾಲು ನನಗೆ ದೊಡ್ಡದು, ಆದರೆ ಅದನ್ನು ಬಾಡಿಗೆಗೆ ಕೊಡಲಾಗುವುದಿಲ್ಲವಲ್ಲ.

ಕೆಲಸ ಬಿಟ್ಟು ಇದನ್ನೇ ನಂಬಬಹುದೇ? ದೆವ್ವವನ್ನು ನಂಬದವನು ದೆವ್ವದ ಕಥೆ ಬರೆಯಬಹುದೇ? ನನಗೆ ನಂಬಿಕೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ನಮ್ಮ ಮನೆಯದೇ ಎಂದು ಇರುವುದು ಒಂದೇ ಒಂದು ಪ್ರಸಂಗ. ನಾನು ಹುಟ್ಟಿದ ಹೊಸತರಲ್ಲಿ ಅಪ್ಪ ರಾತ್ರಿ ಡೈರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಕೆರೆ ಏರಿಯ ಹುಣಸೆಮರದ ಹತ್ತಿರ ಕ್ಯಾರಿಯರ್ ಮೇಲೆ ಯಾರೋ ಕುಳಿತಂತೆ ಭಾರವಾಯಿತಂತೆ. ಎಷ್ಟು ತುಳಿದರೂ ಸೈಕಲ್ ಮುಂದೆ ಹೋಗಲಿಲ್ಲವಂತೆ. ಮನೆಗೆ ಬಂದು ಬೆವರುತ್ತ ಕುಳಿತರಂತೆ. ಅಜ್ಜಿ ಗಾಳಿ ಸೋಕಿದೆ ಎಂದು ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರೆ ಘಾಟೇ ಬರಲಿಲ್ಲವಂತೆ! ಇದನ್ನು ಅಜ್ಜಿ ನೂರು ಸಲ ಹೇಳಿದ್ದಾಳೆ. ಅಪ್ಪ ಒಂದು ಸಲವೂ ಹೇಳಿಲ್ಲ. ನಾನು ಬರೆಯುವುದೂ ಅವರಿಗೆ ಇಷ್ಟವಿಲ್ಲ. ನೆಂಟರು "ಮಗ ಏನೋ ಬರೆಯುತ್ತಾನಂತೆ" ಎಂದು ಕೇಳಿದರೆ "ಹೌದು, ಲೆಕ್ಕ ಬರೆಯುತ್ತಾನೆ" ಎನ್ನುತ್ತಾರೆ.

ಪೇಡೆಪ್ರಿಯ:
ನಿಮ್ಮ ಅಪ್ಪ ಹೇಳಿದ್ದರಲ್ಲಿ ಸುಳ್ಳೇನಿದೆ?

ಹಳೇಕಂಪೋಸಿಟರ್:
ಕೆಲಸ ಬಿಡಬೇಡಿ ತಮ್ಮಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದಷ್ಟು ಹರಟೋಣ.

ನಾನು ಮೊಳೆ ಜೋಡಿಸುವ ಕಾಲದಿಂದ ಅಚ್ಚಿನ ಮನೆಯಲ್ಲಿ ಇದ್ದವನು. ಬಡಾವಣೆಗೊಂದು ಬಾಡಿಗೆ ಪುಸ್ತಕದ ಅಂಗಡಿ ಇದ್ದ ಕಾಲ ಅದು. ಪತ್ತೇದಾರಿ, ದೆವ್ವ, ಮಾಟ ಇಂಥವನ್ನು ನಾವು ಜೋಡಿಸಿದಷ್ಟೂ ಖರ್ಚಾಗುತ್ತಿತ್ತು. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಒಂದಿಡೀ ತಲೆಮಾರಿಗೆ ಓದುವ ಚಟ ಹತ್ತಿಸಿದವರು ಅವರು. ಅವರಿಗೆ ಸಿಕ್ಕ ಹಣ ಎಷ್ಟು, ಮರ್ಯಾದೆ ಎಷ್ಟು ಎಂದು ಹಳಬರನ್ನು ಕೇಳಿ ನೋಡಿ. ಜನ ದಿಂಬಿನ ಕೆಳಗೆ ಇಟ್ಟುಕೊಂಡು ಓದುವ ಪುಸ್ತಕವನ್ನು ಮನೆಯ ಕಪಾಟಿನಲ್ಲಿ ಇಡುವುದಿಲ್ಲ. ಕಪಾಟಿಗೆ ಹೋಗದ್ದು ವಿಮರ್ಶೆಗೂ ಬರುವುದಿಲ್ಲ.

ಈಗ ಸ್ವಂತ ಖರ್ಚಿನಲ್ಲಿ ಐನೂರು ಪ್ರತಿ ಹಾಕಿಸಿದರೆ ನೂರು ನೆಂಟರಿಗೆ, ಐವತ್ತು ಬಿಡುಗಡೆಯ ದಿನ, ಉಳಿದದ್ದು ಮಂಚದ ಕೆಳಗೆ. ಗ್ರಂಥಾಲಯ ಇಲಾಖೆಯ ಖರೀದಿ ಇದೆ ಎನ್ನುತ್ತಾರೆ, ಅದನ್ನು ನಂಬಿ ಸಾಲ ಮಾಡಬೇಡಿ. ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಹಾಕಿ, ಹೋಗುವುದೇನು?

ಬಳ್ಳಾರಿಮೇಷ್ಟ್ರು:
ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಕ್ಷಮಿಸಿ, ಸ್ವಲ್ಪ ಕಹಿ ಹೇಳುತ್ತೇನೆ. ಬರೆಯುವ ಶಕ್ತಿ ಇರುವವರು ಜನರ ಹೆದರಿಕೆಯನ್ನು ಕೆರೆದು ಹುಣ್ಣು ಮಾಡಬಾರದು. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು. ಮೇಲಿನವರು ಹೇಳಿದ ನರಸಿಂಹಯ್ಯನವರು ಬೇರೆ, ಇವರು ಬೇರೆ. ಅಂಥ ನೆಲದಲ್ಲಿ ಇವತ್ತೂ ದೆವ್ವ ಬಿಡಿಸುತ್ತೇವೆ ಎಂದು ಹೆಣ್ಣುಮಕ್ಕಳಿಗೆ ಮೆಣಸಿನಕಾಯಿ ಹೊಗೆ ಹಾಕುವವರು ಇದ್ದಾರೆ. ಅದಕ್ಕೇ 2017ರ ಮೌಢ್ಯ ನಿಷೇಧ ಕಾಯ್ದೆ ಬರಬೇಕಾಯಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

ನಿಮ್ಮ ಅಪ್ಪನ ಸೈಕಲ್ಲಿನದು ಸರಳ. ಕೆರೆ ಏರಿ ಎಂದರೆ ಏರುದಾರಿ. ದಿನವಿಡೀ ದುಡಿದ ಕಾಲು, ಜೊತೆಗೆ ಕತ್ತಲು. ಭಾರ ಎನಿಸದೆ ಇನ್ನೇನು?

ಪೇಡೆಪ್ರಿಯ:
ಮೇಷ್ಟ್ರೇ, ಬಳ್ಳಾರಿಯಲ್ಲಿ ಕೆರೆ ನೋಡಿಲ್ಲವೇ? ಏರಿಗೆ ಹತ್ತುವಾಗ ಏರು, ಹತ್ತಿದ ಮೇಲೆ ಕೇರಂ ಬೋರ್ಡಿನ ಹಾಗೆ ಸಮತಟ್ಟು. ಹುಣಸೆಮರ ಇರುವುದು ಏರಿಯ ಮೇಲೆ ಎಂದು ಬರೆದಿದ್ದಾರೆ.

ಬಳ್ಳಾರಿಮೇಷ್ಟ್ರು:
ಹಾಗಾದರೆ ಎದುರುಗಾಳಿ.

ಪೇಡೆಪ್ರಿಯ:
ಗಾಳಿ ಎಂದು ಅಜ್ಜಿಯೂ ಅದನ್ನೇ ಹೇಳಿದ್ದಲ್ಲವೇ?

ಕಡಲಮಗಳು:
ಮೇಷ್ಟ್ರಿಗೆ ಅರ್ಧ ಒಪ್ಪಿಗೆ, ಅರ್ಧ ಜಗಳ. ಕಥೆಗೂ ಕಾಟಕ್ಕೂ ವ್ಯತ್ಯಾಸ ಇದೆ. ದೆವ್ವದ ಕಥೆ ಕೇಳಿ ಬೆಳೆದವರೆಲ್ಲ ಮಂತ್ರವಾದಿಯ ಮನೆಗೆ ಹೋಗುವುದಿಲ್ಲ.

ಆದರೆ ಕೆರೆಏರಿಯವರಿಗೆ ಒಂದು ಮಾತು. ನಿಮ್ಮ ಆ್ಯಪ್ ಕಥೆಯನ್ನು ಹುಡುಕಿ ಓದಿದೆ. ಐದನೇ ಕಂತಿನಲ್ಲಿ ಕರಾವಳಿಯ ಒಂದು ಭೂತ ಬಂದು ಮಕ್ಕಳ ರಕ್ತ ಕುಡಿಯುತ್ತದೆ. ನನಗೆ ಸಿಟ್ಟು ಬಂತು. ನಮ್ಮಲ್ಲಿ ಭೂತ ಎಂದರೆ ದೆವ್ವ ಅಲ್ಲ, ದೈವ. ಪಂಜುರ್ಲಿ, ಕಲ್ಲುರ್ಟಿ ನಮಗೆ ನ್ಯಾಯ ಕೊಡುವವರು, ಮನೆಯ ಹಿರಿಯರ ಹಾಗೆ ಬೈಯುವವರು. ಸತ್ತವರ ಪ್ರೇತಕ್ಕೆ ನಮ್ಮಲ್ಲಿ ಬೇರೆಯೇ ಪದ ಇದೆ, ಕುಲೆ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ ಪಾಡ್ದನಗಳು, ಎಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, ಸುಮಾರು ನೂರ ಮೂವತ್ತು ವರ್ಷಗಳ ಹಿಂದೆ ಅಚ್ಚಾದದ್ದು 'ತುಳುವರ ಸೈತಾನ ಪೂಜೆ' ಎಂಬ ಅರ್ಥದ ಹೆಸರಿನಲ್ಲಿ. ಪಾಡ್ದನ ಉಳಿಸಿದ್ದಕ್ಕೆ ಅವನಿಗೆ ಋಣಿ, ಹೆಸರಿಟ್ಟದ್ದಕ್ಕೆ ಅಲ್ಲ. ಅವನಾದರೂ ಹೊರಗಿನವನು. ತುರುವೇಕೆರೆಯವರು ಏಕೆ ಅದೇ ತಪ್ಪು ಮಾಡಬೇಕು?

ಕೆರೆಏರಿ:
ಮೇಡಂ, ತಪ್ಪಾಯಿತು. ನಮ್ಮ ಕಡೆ ಭೂತ, ದೆವ್ವ, ಪಿಶಾಚಿ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಯೋಚಿಸಲೇ ಇಲ್ಲ. ಐದನೇ ಕಂತು ತೆಗೆದಿದ್ದೇನೆ, ತಿದ್ದಿ ಹಾಕುತ್ತೇನೆ. ಕುಲೆಯ ಬಗ್ಗೆ ಇನ್ನಷ್ಟು ಹೇಳುತ್ತೀರಾ?

ಕಡಲಮಗಳು:
ತೆಗೆದದ್ದಕ್ಕೆ ಸಂತೋಷ. ಹೇಳಿದರೆ ನೀವೇ ಬರೆದುಬಿಡುತ್ತೀರಿ, ಆದರೂ ಹೇಳುತ್ತೇನೆ.

ಮದುವೆಯಾಗದೆ ತೀರಿಕೊಂಡವರಿಗೆ ನಮ್ಮಲ್ಲಿ ಮದುವೆ ಮಾಡಿಸುವ ಪದ್ಧತಿ ಇದೆ, ಪ್ರೇತ ಮದುವೆ. ಹೆಚ್ಚಾಗಿ ಆಟಿ ತಿಂಗಳಿನಲ್ಲಿ. 2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಮೂವತ್ತು ವರ್ಷಗಳ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ಎಲ್ಲ ಕಡೆ ಸುದ್ದಿಯಾಯಿತಲ್ಲ. ವರನೂ ಅಷ್ಟೇ ಹಿಂದೆ ತೀರಿಕೊಂಡವನಾಗಿರಬೇಕು. ಜಾತಿ, ಬರಿ (ನಮ್ಮ ಗೋತ್ರ) ಎಲ್ಲ ನಮೂದಿಸಿದ್ದರು. ಹೊರಗಿನವರು ನಕ್ಕರು. ನಮ್ಮ ದೊಡ್ಡಮ್ಮನ ಮನೆಯಲ್ಲಿ ಇಂಥದ್ದೊಂದು ನಡೆದಾಗ ನಾನು ಚಿಕ್ಕವಳು. ಎರಡು ಮಣೆ, ಒಂದರ ಮೇಲೆ ಸೀರೆ ರವಿಕೆ, ಇನ್ನೊಂದರ ಮೇಲೆ ಪಂಚೆ ಶಲ್ಯ. ದೊಡ್ಡಮ್ಮ ಆ ಸೀರೆಯ ನೆರಿಗೆಯನ್ನು ಸರಿ ಮಾಡುತ್ತಲೇ ಇದ್ದರು. ಯಾರೋ ಸಾಕು ಎಂದರು. "ಅವಳಿಗೆ ನೆರಿಗೆ ಓರೆಯಾದರೆ ಆಗುವುದಿಲ್ಲ" ಎಂದರು. ಊಟಕ್ಕೆ ಪಾಯಸ ಇತ್ತು. ಬೀಗರು ಬೀಗರ ಹಾಗೆಯೇ ಮುನಿಸಿಕೊಂಡರು ಕೂಡ. ಅಲ್ಲಿ ಯಾರಿಗೂ ಹೆದರಿಕೆ ಇರಲಿಲ್ಲ.

ಹಳೇಕಂಪೋಸಿಟರ್:
ತಾಯೀ, ಆ ನೆರಿಗೆ ಒಂದೇ ಸಾಕು. ಇದನ್ನು ನೀವೇ ಬರೆಯಿರಿ, ಬೇರೆಯವರಿಗೆ ಕೊಡಬೇಡಿ.

ರಾತ್ರಿಪಾಳಿ:
ನಾನು ನರ್ಸ್. ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರಲು ದೆವ್ವದ ಕಥೆ ಓದುತ್ತೇನೆ. ನಗಬೇಡಿ, ಕಾಫಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಓದುಗಳಾಗಿ ನನ್ನ ದೂರು ಏನೆಂದರೆ, ಆ್ಯಪ್‌ಗಳಲ್ಲಿರುವ ಕನ್ನಡ ದೆವ್ವದ ಕಥೆಗಳಲ್ಲಿ ನೂರಕ್ಕೆ ತೊಂಬತ್ತರಲ್ಲಿ ಪಾಳು ಬಂಗಲೆ, ಬಿಳಿ ಸೀರೆ, ಗೆಜ್ಜೆ ಸದ್ದು, ಹುಣ್ಣಿಮೆ ಅಥವಾ ಅಮಾವಾಸ್ಯೆ. ಬಂಗಲೆಯಲ್ಲಿ ಇದ್ದವರು ಎಷ್ಟು ಜನ ನಮ್ಮಲ್ಲಿ? ನನಗೆ ಹೆದರಿಕೆಯಾಗುವುದು ಬಾಡಿಗೆ ಮನೆಯ ಬಚ್ಚಲಿನಲ್ಲಿ, ಲಿಫ್ಟಿನಲ್ಲಿ, ಖಾಲಿ ವಾರ್ಡಿನಲ್ಲಿ. ಒಂದು ರಾತ್ರಿ ಖಾಲಿ ಹಾಸಿಗೆಯ ಕರೆಗಂಟೆ ಬಡಿಯಿತು. ಹೋಗಿ ನೋಡಿದರೆ ತಂತಿ ಸಡಿಲವಾಗಿತ್ತು. ತಂತಿ ಸಡಿಲ ಎಂದು ಗೊತ್ತಾದ ಮೇಲೂ ನಾನು ಆ ಹಾಸಿಗೆಗೆ "ಬಂದೆ, ಒಂದು ನಿಮಿಷ" ಎಂದು ಹೇಳಿ ಬಂದಿದ್ದೆ. ಏಕೆ ಹೇಳಿದೆನೋ ಗೊತ್ತಿಲ್ಲ. ಅದನ್ನು ಯಾರಾದರೂ ಬರೆಯಲಿ.

ಬಳ್ಳಾರಿಮೇಷ್ಟ್ರು:
ಇದು ಬರೆಯಬೇಕಾದದ್ದೇ. ಸಡಿಲ ತಂತಿಯನ್ನು ಬಿಡದೆ ಬರೆಯಬೇಕು.

ನನ್ನನ್ನು ಕಥೆಯ ಶತ್ರು ಎಂದು ತಿಳಿಯಬೇಡಿ. ವಿಕ್ ಟ್ಯಾಂಡಿ ಎಂಬ ಇಂಗ್ಲೆಂಡಿನ ಎಂಜಿನಿಯರ್ ಒಬ್ಬರ ಪ್ರಸಂಗ ಹೇಳುತ್ತೇನೆ. ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆಲ್ಲ ಮೈ ಜುಮ್ಮೆನ್ನುತ್ತಿತ್ತು. ಒಂದು ರಾತ್ರಿ ಅವರಿಗೇ ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಂಡಿತು, ತಿರುಗಿ ನೋಡಿದರೆ ಇಲ್ಲ. ಮರುದಿನ ಕತ್ತಿವರಸೆಯ ಕತ್ತಿಯೊಂದನ್ನು ರಿಪೇರಿಗೆಂದು ವೈಸ್‌ನಲ್ಲಿ ಬಿಗಿದಿಟ್ಟರೆ ಅದು ತಾನೇ ತಾನಾಗಿ ಅದುರತೊಡಗಿತು. ಬೇರೆಯವರಾಗಿದ್ದರೆ ಓಡಿಹೋಗುತ್ತಿದ್ದರು. ಇವರು ಕತ್ತಿಯನ್ನು ಕೋಣೆಯ ಉದ್ದಕ್ಕೂ ಸರಿಸುತ್ತ ಎಲ್ಲಿ ಹೆಚ್ಚು ಅದುರುತ್ತದೆ ಎಂದು ನೋಡಿದರು. ಕಾರಣ ಹೊಸದಾಗಿ ಹಾಕಿದ್ದ ಒಂದು ಫ್ಯಾನು. ಅದು ಸೆಕೆಂಡಿಗೆ ಸುಮಾರು 19 ಕಂಪನದ, ಕಿವಿಗೆ ಕೇಳಿಸದ ಸದ್ದು ಹೊರಡಿಸುತ್ತಿತ್ತು. 1998ರಲ್ಲಿ ಪ್ರಬಂಧ ಬರೆದರು. ನನ್ನ ಪ್ರಕಾರ ಒಳ್ಳೆಯ ದೆವ್ವದ ಕಥೆ ಅದು, ಕೊನೆಯಲ್ಲಿ ಫ್ಯಾನು ಸಿಕ್ಕರೂ.

ಅಮೆರಿಕದಲ್ಲಿ ಇನ್ನೊಂದು. 1921ರಲ್ಲಿ ವಿಲ್ಮರ್ ಎಂಬ ಕಣ್ಣಿನ ವೈದ್ಯರು ದಾಖಲಿಸಿದ್ದು. ಮನೆಯವರಿಗೆಲ್ಲ ಹೆಜ್ಜೆ ಸಪ್ಪಳ, ಆಕೃತಿಗಳು, ತಲೆನೋವು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೋರುತ್ತಿತ್ತು. ದೆವ್ವ ಎಂದುಕೊಂಡು ಸುಮ್ಮನಿದ್ದಿದ್ದರೆ ಎಲ್ಲರೂ ಸಾಯುತ್ತಿದ್ದರು.

ಕಾಡುಪಾಪ:
ನಮ್ಮ ತುಮಕೂರು ಕಡೆಯ ಅರ್ಧ ದೆವ್ವಗಳು ನನ್ನ ಹೆಸರಿನ ಪ್ರಾಣಿಯೇ. ರಾತ್ರಿ ಟಾರ್ಚು ಬಿಟ್ಟರೆ ಜಾಲಿಮರದಲ್ಲಿ ಎರಡು ಕೆಂಡ. ಅಂಗೈ ಅಗಲದ ಬಡಪಾಯಿ. ಉಳಿದರ್ಧ ಕಣಜದ ಗೂಬೆ. ಅದು ಕಿರುಚುವುದನ್ನು ಒಮ್ಮೆ ಕೇಳಿ, ಗಂಟಲು ಹಿಸುಕಿದ ಹಾಗೆ ಇರುತ್ತದೆ. ಮೋಹಿನಿಯ ಕಥೆ ಬರೆಯುವವರು ದಯವಿಟ್ಟು ಈ ಎರಡನ್ನು ಅಪಶಕುನ ಮಾಡಬೇಡಿ. ಕಾಡುಪಾಪವನ್ನು ವಾಮಾಚಾರಕ್ಕೆಂದು ಹಿಡಿಯುವವರು ಇನ್ನೂ ಇದ್ದಾರೆ. ನೀವು ಬರೆದ ಒಂದು ಸಾಲಿಗೆ ಒಂದು ಜೀವ ಹೋಗಬಹುದು.

ಪೇಡೆಪ್ರಿಯ:
ದೆವ್ವ ಭೂತವಲ್ಲ, ಗೂಬೆ ಅಪಶಕುನವಲ್ಲ, ಸೈಕಲ್ ಎದುರುಗಾಳಿ, ಗಂಟೆ ಸಡಿಲ ತಂತಿ. ಪಾಪ ಹುಡುಗ ಬರೆಯುವುದಾದರೂ ಏನನ್ನು? ಕೊಳ್ಳಿದೆವ್ವಕ್ಕಾದರೂ ಯಾರೂ ಕೈ ಹಾಕಬೇಡಿ, ನಮ್ಮ ಅಜ್ಜ ಹೊಲದಲ್ಲಿ ಸ್ವತಃ ನೋಡಿದ್ದಾನೆ.

ಬಳ್ಳಾರಿಮೇಷ್ಟ್ರು:
ಯಾರೋ ಬೀಡಿ ಹಚ್ಚಿಕೊಂಡು ಹೋಗುತ್ತಿದ್ದಿರಬೇಕು.

ಪೇಡೆಪ್ರಿಯ:
ಮೇಷ್ಟ್ರೇ!

ಗುಣಾಢ್ಯನಶಿಷ್ಯ:
ಹಣದ ಮಾತಿಗೆ ಬರೋಣ. ಪಿಶಾಚಿಗಳ ಭಾಷೆಯಲ್ಲಿ ಬರೆದ ಮೊದಲ ಸಾಹಿತಿ ಗುಣಾಢ್ಯ. ಕಥಾಸರಿತ್ಸಾಗರ ಹೇಳುವ ಪ್ರಕಾರ ಅವನು ಪೈಶಾಚಿಯಲ್ಲಿ ಏಳು ಲಕ್ಷ ಶ್ಲೋಕ ಬರೆದ, ಅದೂ ತನ್ನ ರಕ್ತದಲ್ಲಿ. ಸಾತವಾಹನ ರಾಜನಿಗೆ ಕಳುಹಿಸಿದ. ರಾಜ ಭಾಷೆ ಒರಟು ಎಂದು ಹಿಂದಕ್ಕೆ ಕಳುಹಿಸಿದ. ಕೆರೆಏರಿಯವರಿಗೆ ಬಂದ ಪತ್ರ ಹೊಸದೇನಲ್ಲ. ಗುಣಾಢ್ಯ ಬೆಂಕಿ ಹಾಕಿ ಒಂದೊಂದೇ ಹಾಳೆಯನ್ನು ಕಾಡಿನ ಪ್ರಾಣಿಗಳಿಗೆ ಓದಿ ಹೇಳಿ ಸುಡುತ್ತಾ ಹೋದ. ಜಿಂಕೆ, ಹಂದಿ, ಎಮ್ಮೆಗಳೆಲ್ಲ ಮೇವು ಬಿಟ್ಟು ಅಳುತ್ತ ಕೇಳಿದವು. ಆರು ಲಕ್ಷ ಸುಟ್ಟಿತು. ಅರಮನೆಯ ಅಡುಗೆಗೆ ಬರುವ ಮಾಂಸ ಒಣಕಲಾಯಿತು, ರಾಜನಿಗೆ ಕಾಯಿಲೆ ಬಂತು, ಕಾರಣ ಹುಡುಕಿಕೊಂಡು ಹೋದಾಗ ಒಂದು ಲಕ್ಷ ಉಳಿದಿತ್ತು.

ಬೇತಾಳನ ಕಥೆಗಳೂ ಇದೇ ಸಾಗರದಲ್ಲಿವೆ. ಯಾವ ಸಂಪಾದಕರು ದೆವ್ವದ ವಸ್ತು ಒಗ್ಗುವುದಿಲ್ಲ ಎಂದರೋ ಅವರು ಚಿಕ್ಕಂದಿನಲ್ಲಿ ಬೇತಾಳ ಓದಿಯೇ ಕನ್ನಡ ಕಲಿತಿರುತ್ತಾರೆ.

ರಾತ್ರಿಪಾಳಿ:
ಎಮ್ಮೆ ಅಳುತ್ತ ಕೇಳಿತು! ನಾನೂ ಅದೇ ಜಾತಿ.

ಕರಿಕೋಟು:
ವಕೀಲಿ ಮಾಡುವವಳು ನಾನು. ಎಲ್ಲರೂ ಬರೆಯುವುದರ ಬಗ್ಗೆ ಹೇಳಿದಿರಿ, ಬರೆದದ್ದನ್ನು ಉಳಿಸಿಕೊಳ್ಳುವ ಬಗ್ಗೆ ಯಾರೂ ಹೇಳಲಿಲ್ಲ. ಕೆರೆಏರಿಯವರೇ, ಆ್ಯಪ್‌ಗೆ ಕಥೆ ಹಾಕುವಾಗ "ಒಪ್ಪುತ್ತೇನೆ" ಎಂದು ಒತ್ತಿದಿರಲ್ಲ, ಏನನ್ನು ಒಪ್ಪಿದಿರಿ?

ಕೆರೆಏರಿ:
ನಿಜ ಹೇಳಬೇಕೆಂದರೆ ಓದಲಿಲ್ಲ ಮೇಡಂ. ಹೋದ ವಾರ ಬೇರೊಂದು ಆಡಿಯೋ ಸಂಸ್ಥೆಯವರು ಹನ್ನೊಂದೂ ಕಂತಿಗೆ ನಾಲ್ಕು ಸಾವಿರ ಕೊಡುತ್ತೇವೆ, "ಎಲ್ಲ ಹಕ್ಕುಗಳು" ಎಂದು ಒಂದು ಪುಟದ ಪತ್ರ ಕಳುಹಿಸಿದ್ದಾರೆ. ಸಹಿ ಹಾಕಿ ಸ್ಕ್ಯಾನ್ ಮಾಡಬೇಕಂತೆ.

ಕರಿಕೋಟು:
ಪೆನ್ನು ಕೆಳಗಿಡಿ!

1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂದು ಹೇಳಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಎಂದು ಕಾನೂನು ತಿಳಿಯುತ್ತದೆ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಅದು ಬಿದ್ದುಹೋಗುತ್ತದೆ. ಅವರು "ಎಲ್ಲ ಹಕ್ಕುಗಳು, ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದು ಬರೆಸುವುದು ಇದಕ್ಕೇ. ಧ್ವನಿಗೆ ಮಾತ್ರ, ಕನ್ನಡಕ್ಕೆ ಮಾತ್ರ, ಮೂರು ವರ್ಷಕ್ಕೆ ಮಾತ್ರ ಎಂದು ಹೊಡೆದು ತಿದ್ದಿ ಕಳುಹಿಸಿ. ಸಿನಿಮಾ ಹಕ್ಕನ್ನು ಎತ್ತಿಟ್ಟುಕೊಳ್ಳಿ. ನಿಮ್ಮ ಕೃತಿಯ ಹಕ್ಕು ನೀವು ಹೋದ ಮೇಲೂ ಅರವತ್ತು ವರ್ಷ ಇರುತ್ತದೆ. ದೆವ್ವದ ಕಥೆಗಾರನೇ ದೆವ್ವವಾದ ಮೇಲೂ ಮನೆಯವರಿಗೆ ಗೌರವಧನ ಬರಬಹುದು.

ಇನ್ನೊಂದು. ನಿಜವಾಗಿ ಸಾವು, ಕೊಲೆ ನಡೆದ ಮನೆಗಳ ವಿಳಾಸ ಹಾಕಿ "ಸತ್ಯ ಘಟನೆ" ಎಂದು ಬರೆಯಬೇಡಿ. ಸತ್ತವರ ಬಗ್ಗೆ ಅವಹೇಳನ ಮಾಡಿ ಅವರ ಮನೆಯವರ ಮನಸ್ಸು ನೋಯಿಸಲು ಹೊರಟರೆ ಅದೂ ಮಾನಹಾನಿಯೇ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ. ಕಾನೂನು ಒತ್ತಟ್ಟಿಗಿರಲಿ, ಆ ಮನೆಯವರು ಅದೇ ಬೀದಿಯಲ್ಲಿ ಹಾಲು ತರಲು ಹೋಗುತ್ತಿರುತ್ತಾರೆ.

ಹಳೇಕಂಪೋಸಿಟರ್:
'ನಾಳೆ ಬಾ' ಕಥೆಗೆ ಹಕ್ಕು ಯಾರದು ತಾಯೀ? ತೊಂಬತ್ತರ ದಶಕದಲ್ಲಿ ದೆವ್ವ ಓದಿ ಹಿಂದಿರುಗಲಿ ಎಂದು ಅರ್ಧ ಕರ್ನಾಟಕ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯಿತು. 2018ರಲ್ಲಿ ಹಿಂದಿಯವರು ಅದೇ ತಂತ್ರವನ್ನು ಚಂದೇರಿಯ ಗೋಡೆಗಳ ಮೇಲೆ ಬರೆದು ಸಿನಿಮಾ ಮಾಡಿ ದುಡ್ಡು ಬಾಚಿದರು.

ಕರಿಕೋಟು:
ಯಾರದೂ ಅಲ್ಲ, ಎಲ್ಲರದು. ಕಲ್ಪನೆಗೆ ಹಕ್ಕುಸ್ವಾಮ್ಯ ಇಲ್ಲ ಸರ್, ಬರೆದ ರೂಪಕ್ಕೆ ಮಾತ್ರ. ನಾವು ಬಾಗಿಲ ಮೇಲೆ ಬರೆದೆವು, ಹಾಳೆಯ ಮೇಲೆ ಬರೆಯಲಿಲ್ಲ.

ರಾತ್ರಿಪಾಳಿ:
ನಮ್ಮ ಮನೆಯಲ್ಲಿ ಬಾಗಿಲ ಹೊರಗೆ ಬರೆದಿದ್ದರು. ದೆವ್ವ ನಮ್ಮವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟರೆ ಸಾವು ಎಂದು. ಅಪ್ಪ ರಾತ್ರಿ ಬಸ್ಸಿಳಿದು ಬಂದು ಕರೆದರೆ ಅಮ್ಮ ಬಾಗಿಲೇ ತೆಗೆಯಲಿಲ್ಲ. ಅಪ್ಪ ತಮ್ಮ ಪಡಿತರ ಚೀಟಿಯಲ್ಲಿರುವ ಹೆಸರುಗಳನ್ನೆಲ್ಲ ಹೇಳಬೇಕಾಯಿತು.

ಗುಣಾಢ್ಯನಶಿಷ್ಯ:
ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಎಂದು ಅರ್ಧ ರಾಜ್ಯ ನಂಬಿತ್ತು. ಈಗಿನ ಮಕ್ಕಳ ಬಗ್ಗೆ ಆ ನಂಬಿಕೆ ಇಲ್ಲ.

ಬಳ್ಳಾರಿಮೇಷ್ಟ್ರು:
ಕೆರೆಏರಿಯವರೇ, ನಿಮ್ಮ ನಂಬಿಕೆಯ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ನಂಬಬೇಕಾಗಿಲ್ಲ, ವಿಚಾರಿಸಬೇಕು. ಟ್ಯಾಂಡಿ ಕತ್ತಿ ಹಿಡಿದು ಕೋಣೆ ತಿರುಗಿದರಲ್ಲ, ಹಾಗೆ. ನಿಮ್ಮ ಅಪ್ಪ ಬದುಕಿದ್ದಾರೆ. ಅಜ್ಜಿ ಹೇಳಿದ್ದನ್ನು ನೂರು ಸಲ ಕೇಳಿದಿರಿ, ಅವರನ್ನು ಒಂದು ಸಲವಾದರೂ ಕೇಳಿದಿರಾ?

ಕೆರೆಏರಿ:
ಇಲ್ಲ ಸರ್. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ.

ಪೇಡೆಪ್ರಿಯ:
ಏರಿಯ ಉದ್ದ, ಎತ್ತರ, ಗಾಳಿಯ ದಿಕ್ಕು ಎಲ್ಲ ಬರೆದುಕೊಂಡು ಬನ್ನಿ. ಬಳ್ಳಾರಿಗೆ ವರದಿ ಸಲ್ಲಿಸಬೇಕು.

ಕೆರೆಏರಿ:
ಹೋಗಿ ಬಂದೆ. ಮೊದಲು ವ್ಯವಹಾರ. ಆಡಿಯೋದವರಿಗೆ ಕರಿಕೋಟು ಮೇಡಂ ಹೇಳಿದಂತೆ ತಿದ್ದಿ ಕಳುಹಿಸಿದೆ. ಮೂರು ವರ್ಷಕ್ಕೆ ಒಪ್ಪಿದ್ದಾರೆ, ಹಣ ಅಷ್ಟೇ. ಕೆಲಸ ಬಿಟ್ಟಿಲ್ಲ.

ಈಗ ಅಪ್ಪ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದಾಗ ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಗತೊಡಗಿದರು. ಅಪ್ಪ ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಹುಣಸೆಮರದ ಹತ್ತಿರ ಹಿಂದಿನ ಚಕ್ರದ ಗಾಳಿ ಹೋಯಿತಂತೆ. ಪೂರ್ತಿ ಹೋಗುವವರೆಗೂ ಗೊತ್ತಾಗದೆ ತುಳಿದು ತುಳಿದು, ಕೊನೆಗೆ ಒಂದೂವರೆ ಮೈಲಿ ತಳ್ಳಿಕೊಂಡು ಬಂದರಂತೆ. ಬಂದು ಬಾಗಿಲಲ್ಲಿ ಕುಸಿದು ಕುಳಿತಾಗ ಅಜ್ಜಿ "ಏನಾಯಿತೋ?" ಎಂದಳು. ಅಪ್ಪ ಏದುಸಿರಿನಲ್ಲಿ "ಗಾಳಿ..." ಎಂದರು. ಮಿಕ್ಕದ್ದನ್ನು ಹೇಳುವಷ್ಟರಲ್ಲಿ ಅಜ್ಜಿ ಮೆಣಸಿನಕಾಯಿ ತರಲು ಒಳಗೆ ಹೋಗಿಯಾಗಿತ್ತು.

"ಘಾಟು ಏಕೆ ಬರಲಿಲ್ಲ?" ಎಂದೆ. "ಒಲೆ ಆರಿತ್ತು" ಎಂದರು. ಹಾಗಾದರೆ ಇಷ್ಟು ವರ್ಷ ಏಕೆ ಹೇಳಲಿಲ್ಲ? "ಮಾರನೆಯ ದಿನದಿಂದ ನಿಮ್ಮಜ್ಜಿ ರಾತ್ರಿ ಹೊತ್ತು ನನ್ನನ್ನು ಡೈರಿಗೆ ಅಟ್ಟುವುದನ್ನು ಬಿಟ್ಟಳಲ್ಲ" ಎಂದರು. ಒಳಗೆ ಹೋಗುವಾಗ ತಿರುಗಿ "ಅದನ್ನು ಬರೆಯುತ್ತೀಯೇನು? ಬರೆದರೆ ನನಗೆ ದೊಡ್ಡ ಅಕ್ಷರದಲ್ಲಿ ಮಾಡಿಕೊಡು, ಮೊಬೈಲಿನಲ್ಲಿ ಕಾಣುವುದಿಲ್ಲ" ಎಂದರು.

ಕಡಲಮಗಳು:
ದೊಡ್ಡ ಅಕ್ಷರದಲ್ಲಿ! ಇವತ್ತೇ ಅಚ್ಚು ತೆಗೆಸಿ.

ಹಳೇಕಂಪೋಸಿಟರ್:
ಹದಿನೆಂಟು ಪಾಯಿಂಟ್ ಸಾಕು. ಸಾಲುಗಳ ನಡುವೆ ಜಾಗ ಬಿಡಿ.

ರಾತ್ರಿಪಾಳಿ:
ಪಂಕ್ಚರ್ ಇದ್ದರೂ ನಾನು ಓದುತ್ತೇನೆ. ಆದರೆ ಒಲೆ ಆರಿದ್ದು ಕೊನೆಯಲ್ಲಿ ಬರಲಿ.

ಪೇಡೆಪ್ರಿಯ:
ಮೇಷ್ಟ್ರು ಎದುರುಗಾಳಿ ಎಂದರು, ಅಜ್ಜಿ ಗಾಳಿ ಎಂದಳು, ಅಪ್ಪ ಗಾಳಿ ಹೋಯಿತು ಎಂದರು. ಮೂವರೂ ಪಾಸು.

ಬಳ್ಳಾರಿಮೇಷ್ಟ್ರು:
ಒಂದು ಸಂದೇಹ. ಮುಳ್ಳು ಚುಚ್ಚಿತ್ತೇ, ವಾಲ್ವ್ ಸಡಿಲವಾಗಿತ್ತೇ, ಅಥವಾ ಡೈರಿಯ ಹತ್ತಿರ ನಿಲ್ಲಿಸಿದ್ದಾಗ ಯಾರಾದರೂ ಗಾಳಿ ತೆಗೆದಿದ್ದರೇ? ಕೇಳಿದಿರಾ?